ಬಾರವಿಯ ಮೇಲ್ದಂಡೆಯ ಬಚ್ಚಲು

ಡೊಂಬಿವಲಿಯ ಎಂಐಡಿಸಿ ನಿವಾಸಿ ವಿಭಾಗದಲ್ಲಿ ನಲ್ಲಿ ತಿರುಗಿಸಿದರೆ ಬರುವುದು ಬಾರವಿಯ ನೀರು. ಮುರಬಾಡದ ಗುಡ್ಡಗಳ ಮೇಲೆ ಬಿದ್ದ ಮಳೆ ಬಾರವಿ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಉಲ್ಹಾಸ ನದಿಗೆ ಇಳಿದು, ಜಾಂಭೂಳದಲ್ಲಿ ಪಂಪುಗಳಿಂದ ಮೇಲೇರಿ, ಶುದ್ಧೀಕರಣಗೊಂಡು ನಮ್ಮ ಕಾರ್ಖಾನೆಗಳಿಗೂ ಅಡುಗೆಮನೆಗಳಿಗೂ ಹರಿಯುತ್ತದೆ. ಮೂವತ್ತು ವರ್ಷ ಈ ನೀರನ್ನು ಕುಡಿದ ನಮಗೆ ಅದರ ಮೂಲ ತಿಳಿದದ್ದು ಅದೇ ಗುಡ್ಡಗಳ ಇಳಿಜಾರಿನಲ್ಲಿ ಮೂರು ಗುಂಠೆಯ ಎನ್.ಎ. ಪ್ಲಾಟು ಕೊಂಡ ಮೇಲೆಯೇ. ನಾವು ಅಲ್ಲಿ ನೆಲಕ್ಕೆ ಸುರಿದದ್ದು ಎಂದಾದರೊಂದು ದಿನ ಇಲ್ಲಿ ನಮ್ಮ ಲೋಟಕ್ಕೇ ಬರಬಹುದೆಂಬ ಅರಿವು ಬಚ್ಚಲು ಕಟ್ಟುವ ಮಾತು ಎದ್ದಂದಿನಿಂದ ನಮ್ಮನ್ನು ಬಿಡಲಿಲ್ಲ.

ಪ್ಲಾಟಿನಲ್ಲಿ ಮೊದಲು ಕಟ್ಟಿಸಿದ್ದು ಒಂದು ಕೋಣೆ, ಒಂದು ಪಡಸಾಲೆ. ವಾರಾಂತ್ಯದಲ್ಲಿ ರಾಸಾಯನಿಕದ ವಾಸನೆಯಿಲ್ಲದ ಗಾಳಿ ಸಿಕ್ಕರೆ ಸಾಕೆಂದುಕೊಂಡವರಿಗೆ ಅಷ್ಟೇ ದೊಡ್ಡದಾಗಿ ಕಂಡಿತ್ತು. ಆದರೆ ಶೌಚಾಲಯವಿಲ್ಲದ ಮನೆಯಲ್ಲಿ ರಾತ್ರಿ ತಂಗುವುದು ಸುಲಭವಲ್ಲ, ಹೆಂಗಸರಿಗಂತೂ ಅಲ್ಲವೇ ಅಲ್ಲ. ಶನಿವಾರ ಬೆಳಿಗ್ಗೆ ಹೋಗಿ, ನೀರು ಕುಡಿಯುವುದಕ್ಕೂ ಲೆಕ್ಕ ಹಾಕಿ, ಸಂಜೆಯ ಬಸ್ಸಿಗೆ ಓಡಿ ಬರುವುದು ವಾಡಿಕೆಯಾಯಿತು. ಎಂಬತ್ತು ದಾಟಿದ ಅವ್ವ ಆ ಮನೆಯನ್ನು ನೋಡಿಯೇ ಇರಲಿಲ್ಲ. "ಬಚ್ಚಲಾ ಇಲ್ಲದ ಮನಿಗೆ ಏನಂತ ಬರ್ಲಿ?" ಎಂದು ಕೇಳುತ್ತಿದ್ದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಬಚ್ಚಲು ಎಂಬ ಮಾತನ್ನು ನಾವು ಮುಂಬಯಿಗೆ ಬಂದ ಮೇಲೆ ಬಹಳ ವರ್ಷ ಬಳಸಲೇ ಇಲ್ಲ. ಬಳಸಲು ಅಂಥದೊಂದು ಇರಬೇಕಷ್ಟೆ. ಚಾಳಿನ ಕೋಣೆಯ ಮೂಲೆಯಲ್ಲಿ ಮೊಳಕಾಲೆತ್ತರದ ಕಟ್ಟೆ ಹಾಕಿದ ಜಾಗಕ್ಕೆ ಇಲ್ಲಿಯವರು ಮೋರಿ ಎನ್ನುತ್ತಾರೆ. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಸೀರೆಯನ್ನೇ ಪರದೆ ಮಾಡಿಕೊಂಡು ಮೀಯುವುದು ಎಲ್ಲವೂ ಅಲ್ಲೇ. ನಮ್ಮ ಕನ್ನಡದಲ್ಲಿ ಮೋರಿಯೆಂದರೆ ಗಟಾರ; ಆ ಮೋರಿಯಲ್ಲಿ ಮಿಂದು ಬಂದೆವೆಂದು ಊರಿಗೆ ಪತ್ರ ಬರೆಯಲಾದೀತೇ! ಮರಾಠಿಯ ನ್ಹಾಣಿ ಮಾತ್ರ ಹೆಚ್ಚು ಗೌರವಸ್ಥ. ದೇಶದ ಪ್ಲಂಬರುಗಳೆಲ್ಲ ನೆಲದ ನೀರಿನ ಕಿಂಡಿಗೆ 'ನಹಾನಿ ಟ್ರ್ಯಾಪ್' ಎನ್ನುವುದು ಈ ನ್ಹಾಣಿಯಿಂದಲೇ. ಶೌಚಕ್ಕಾದರೋ ಚಾಳಿನ ಓಣಿಯ ತುದಿಯಲ್ಲಿ ಸಾಲಾಗಿ ನಾಲ್ಕು ಬಾಗಿಲು, ಬೆಳಗಿನ ಐದರಿಂದ ಡಬ್ಬ ಹಿಡಿದ ಸರದಿ.

ಆದುದರಿಂದ ಗುಡ್ಡದ ಮನೆಗೆ ಬಚ್ಚಲನ್ನು ನಾವೇ ಕೈಯಾರೆ ಕಟ್ಟಬೇಕೆಂದು ಹೊರಟಾಗ ಅದರಲ್ಲಿ ಹಟದ ಪಾಲೂ ಇತ್ತು. ನಮ್ಮಿಬ್ಬರಲ್ಲಿ ಒಬ್ಬರು ಕಾರ್ಖಾನೆಯಲ್ಲಿ ಮೂರು ದಶಕ ಪೈಪು ಜೋಡಿಸಿದವರು, ಇನ್ನೊಬ್ಬರು ಶಾಲೆಯಲ್ಲಿ ಗಣಿತ ಕಲಿಸಿದವರು. ಇಟ್ಟಿಗೆಯ ಕೆಲಸ ಇಬ್ಬರಿಗೂ ಹೊಸದು. ಊರಿನ ಮಿಸ್ತ್ರಿಯೊಬ್ಬರು ವಾರಕ್ಕೊಂದು ದಿನ ಬಂದು ಕಲಿಸಿಕೊಡಲು ಒಪ್ಪಿದರು. ಗ್ರಾಮಪಂಚಾಯತಿಗೆ ಅರ್ಜಿ ಕೊಟ್ಟೆವು. ಅಲ್ಲಿನ ಗೋಡೆಯ ಮೇಲೆ ಕೈಯಲ್ಲಿ ಪೊರಕೆ ಹಿಡಿದ ಗಾಡಗೇಬಾಬಾ ಅವರ ಚಿತ್ರ.

ಮಿಸ್ತ್ರಿಯ ಮೊದಲ ಸಲಹೆ ಸೆಪ್ಟಿಕ್ ಟ್ಯಾಂಕು. ಎಲ್ಲರೂ ಅದನ್ನೇ ಕಟ್ಟಿಸುತ್ತಾರೆ, ಪೇಟೆಯಲ್ಲಿ ಪ್ಲಾಸ್ಟಿಕ್ಕಿನದೂ ಸಿಗುತ್ತದೆ, ಒಂದು ದಿನದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಸೆಪ್ಟಿಕ್ ಟ್ಯಾಂಕು ಮಲವನ್ನು ಇಲ್ಲವಾಗಿಸುವುದಿಲ್ಲ. ಗಟ್ಟಿಯಾದದ್ದು ತಳದಲ್ಲಿ ಕೆಸರಾಗಿ ಕೂಡುತ್ತದೆ, ತಿಳಿಯಾದದ್ದು ಹೊರಗೆ ಹರಿಯುತ್ತದೆ. ಹರಿದ ನೀರೂ ಶುದ್ಧವಲ್ಲ, ಅದಕ್ಕೆ ಬೇರೆ ಇಂಗುಗುಂಡಿ ಬೇಕು. ಕೆಸರನ್ನು ಕೆಲವು ವರ್ಷಕ್ಕೊಮ್ಮೆ ತೆಗೆಸಲೇಬೇಕು. ಹೀರುವ ಲಾರಿ ನಮ್ಮ ಗುಡ್ಡದ ದಾರಿಯನ್ನು ಹತ್ತಲಾರದು. ಲಾರಿ ಬಾರದಿದ್ದಲ್ಲಿ ಯಾರು ಇಳಿಯುತ್ತಾರೆಂಬುದು ಎಲ್ಲರಿಗೂ ಗೊತ್ತು. ಮನುಷ್ಯರಿಂದ ಮಲ ಬಳಿಸುವುದನ್ನು 1993ರ ಕಾನೂನು ನಿಷೇಧಿಸಿತು. 2013ರ ಕಾನೂನು ಇನ್ನೂ ಕಠಿಣವಾಗಿ ಹೇಳಿತು. ಆ ಬಳಿಕವೂ ಟ್ಯಾಂಕಿನ ವಿಷಾನಿಲಕ್ಕೆ ಸಿಕ್ಕಿ ಸತ್ತವರ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಬರುತ್ತಲೇ ಇದೆ.

ನಾವು ಆರಿಸಿದ್ದು ಜೋಡಿಗುಂಡಿಯ ಶೌಚಾಲಯ. ಹೊಸದೇನಲ್ಲ, ಬಿಂದೇಶ್ವರ ಪಾಠಕರು 1970ರಲ್ಲಿ ಸ್ಥಾಪಿಸಿದ ಸುಲಭ್ ಸಂಸ್ಥೆ ಅದನ್ನು ದೇಶದ ಉದ್ದಗಲಕ್ಕೂ ಹರಡಿತು. ಒಂದು ಗುಂಡಿ ತುಂಬುವಾಗ ಇನ್ನೊಂದು ಖಾಲಿ. ಮೊದಲನೆಯದು ತುಂಬಿದ ಮೇಲೆ ಹರಿವನ್ನು ಎರಡನೆಯದಕ್ಕೆ ತಿರುಗಿಸಿ, ಮೊದಲನೆಯದನ್ನು ಒಂದೂವರೆಯಿಂದ ಎರಡು ವರ್ಷ ಮುಟ್ಟದೆ ಬಿಟ್ಟರೆ ಒಳಗಿರುವುದು ಮಣ್ಣಾಗುತ್ತದೆ. ಕೊಂಕಣದಲ್ಲಿ ಇದಕ್ಕಿಂತ ಹಳೆಯ ಕಥೆಯೊಂದಿದೆ. ಕಣಕವಲಿಯ ಗೋಪುರಿ ಆಶ್ರಮದ ಅಪ್ಪಾಸಾಹೇಬ ಪಟವರ್ಧನರು ಮಲವನ್ನು ಗೊಬ್ಬರವಾಗಿಸುವ ಅಗ್ಗದ ಶೌಚಾಲಯವನ್ನು ರೂಪಿಸಿದರು. ಗೋಪುರಿ ಸಂಡಾಸವೆಂದೇ ಅದಕ್ಕೆ ಹೆಸರು. 1932ರಲ್ಲಿ ರತ್ನಾಗಿರಿ ಜೈಲಿನಲ್ಲಿದ್ದಾಗ ಮಲ ಬಳಿಯುವ ಕೆಲಸವನ್ನು ತಮಗೂ ಕೊಡಬೇಕೆಂದು ಅವರು ಉಪವಾಸ ಹೂಡಿದರು. ಯರವಡಾ ಜೈಲಿನಿಂದ ಗಾಂಧೀಜಿಯವರೂ ಅವರಿಗಾಗಿ ಉಪವಾಸ ಕುಳಿತರು. ಕೊಂಕಣ ರೈಲಿನಲ್ಲಿ ಊರಿಗೆ ಹೋಗುವ ನಮ್ಮವರೆಲ್ಲ ಕಣಕವಲಿಯ ಫಲಕವನ್ನು ಕಿಟಕಿಯಿಂದ ನೋಡಿರುತ್ತಾರೆ. ಆ ಊರಿನ ಇಂಥದೊಂದು ಹಿರಿಮೆ ನಮಗೂ ತಡವಾಗಿ ತಿಳಿಯಿತು.

ಜೋಡಿಗುಂಡಿಗೆ ಮುಖ್ಯವಾದ ನಿಯಮವೊಂದಿದೆ: ಮಳೆಗಾಲದಲ್ಲಿ ನೆಲದ ನೀರು ಏರುವ ಗರಿಷ್ಠ ಮಟ್ಟಕ್ಕಿಂತ ಗುಂಡಿಯ ತಳ ಎರಡು ಮೀಟರಾದರೂ ಮೇಲಿರಬೇಕು, ಬಾವಿಯಿಂದ ಹತ್ತು ಮೀಟರಾದರೂ ದೂರವಿರಬೇಕು. ಮುರಬಾಡದ ಮಳೆಯನ್ನು ಕಂಡವರಿಗೆ ಇದರ ಕಷ್ಟ ಅರ್ಥವಾದೀತು. ನಮ್ಮ ನೆರೆಯ ಬಾವಿಯಲ್ಲಿ ಮೇ ತಿಂಗಳಲ್ಲಿ ಒಂಬತ್ತು ಮೀಟರು ಕೆಳಗಿದ್ದ ನೀರು ಆಗಸ್ಟಿನಲ್ಲಿ ಕೈಗೆಟುಕುವಷ್ಟು ಮೇಲೆ ಬರುತ್ತದೆ. ಹಾಗಾಗಿ 2017ರ ಮಳೆಗಾಲವನ್ನು ಕಾಯುವುದಕ್ಕೇ ಮೀಸಲಿಟ್ಟೆವು. ಬಾವಿಗಿಂತ ಎತ್ತರದ ಮೂಲೆಯಲ್ಲಿ ಸಣ್ಣ ರಂಧ್ರ ಕೊರೆಸಿ, ತೂತುಗಳುಳ್ಳ ಪ್ಲಾಸ್ಟಿಕ್ ಕೊಳವೆಯನ್ನು ಇಳಿಸಿ, ವಾರವಾರವೂ ಒಂದು ಹುರಿಗೆ ಕಲ್ಲು ಕಟ್ಟಿ ಬಿಟ್ಟು ನೋಡಿದೆವು. ಗಣಿತದ ವಹಿಯಲ್ಲಿ ಹದಿನಾರು ವಾರಗಳ ಅಂಕಿಗಳಿವೆ. ಅತಿ ಮಳೆಯ ವಾರದಲ್ಲಿಯೂ ನೀರು ಮೂರು ಮೀಟರಿಗಿಂತ ಮೇಲೆ ಬರಲಿಲ್ಲ. ಒಂದು ಮೀಟರಿನ ಗುಂಡಿಗೆ ಅದು ಸರಿಯಾಗಿ ಸಾಲುತ್ತಿತ್ತು. ಸಾಲದಿದ್ದರೆ ಬಚ್ಚಲಿನ ಆಸೆಯನ್ನೇ ಬಿಡಬೇಕೆಂದು ನಾವು ಮೊದಲೇ ನಿಶ್ಚಯಿಸಿಕೊಂಡಿದ್ದೆವು.

ದೀಪಾವಳಿ ಮುಗಿದ ಮೇಲೆ ಅಗೆತ ಆರಂಭವಾಯಿತು. ಮುರುಮಿನ ನೆಲ, ಹಾರೆ ಬಿದ್ದಲ್ಲೆಲ್ಲ ಕಿಡಿ. ದಿನಗೂಲಿಗೆ ಬಂದ ಊರಿನ ತರುಣನೊಬ್ಬ ಮೊದಲ ಗುಂಡಿಯ ಅರ್ಧದಲ್ಲಿ ಹಾರೆ ನಿಲ್ಲಿಸಿ, "ಕಾಕಾ, ಇದು ತುಂಬಿದರೆ ತೆಗೆಯುವವರು ಯಾರು?" ಎಂದು ಕೇಳಿದ. ನಾವೇ ಎಂದೆವು. ಅವನು ನಕ್ಕು ಮತ್ತೆ ಅಗೆಯತೊಡಗಿದ. ಆ ನಗೆಯಲ್ಲಿ ಅಪನಂಬಿಕೆಯಿತ್ತು. ನಂಬಲು ಅವನಿಗೆ ಕಾರಣವೂ ಇರಲಿಲ್ಲ.

ಗುಂಡಿಯ ಒಳಗೋಡೆಯನ್ನು ಜೇನುಗೂಡಿನಂತೆ ಕಟ್ಟಬೇಕು: ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಇಟ್ಟಿಗೆಗಳ ನಡುವೆ ಎರಡು ಬೆರಳಿನ ಕಿಂಡಿ. ನೀರು ಆ ಕಿಂಡಿಗಳಿಂದಲೂ ತಳದ ಬರಿ ಮಣ್ಣಿನಿಂದಲೂ ಇಂಗುತ್ತದೆ. ಅನಿಲವನ್ನೂ ಮಣ್ಣೇ ಹೀರಿಕೊಳ್ಳುವುದರಿಂದ ವಾಸನೆಯ ಕೊಳವೆ ಬೇಡ. ಎರಡು ಗುಂಡಿಗಳ ನಡುವೆ ಒಂದು ಮೀಟರು. ಮುಂದೆ ಸಣ್ಣ ಚೌಕದ ಕಟ್ಟೆಯಲ್ಲಿ ಕೊಳವೆ ಕವಲೊಡೆಯುತ್ತದೆ. ಬಳಸದ ಕವಲಿಗೆ ಒಂದು ಇಟ್ಟಿಗೆ, ಮೇಲೆ ಮಣ್ಣು ಮೆತ್ತಿದರೆ ಅದೇ ಬಾಗಿಲು. ಇದರ ಸರಳತೆಯನ್ನು ಕಂಡು ಕಾರ್ಖಾನೆಯಲ್ಲಿ ವಾಲ್ವುಗಳೊಡನೆ ಆಯುಷ್ಯ ಸವೆಸಿದ ಕೈಗಳಿಗೆ ಹಿಗ್ಗಾಯಿತು. ಬೇಸನ್ನು ಕಡಿದಾದ ಇಳಿಜಾರಿನದಾಗಿರಬೇಕು, ಅದರ ಕೆಳಗಿನ ಬಾಗುಗೊಳವೆಯಲ್ಲಿ ನಿಲ್ಲುವ ನೀರು ಎರಡು ಸೆಂಟಿಮೀಟರಷ್ಟೇ ಇರಬೇಕು. ಆಗ ಒಂದು ದೊಡ್ಡ ಚೊಂಬು ನೀರಿಗೇ ಎಲ್ಲವೂ ಜಾರುತ್ತದೆ. ಪಟ್ಟಣದ ಫ್ಲಶ್ ಟ್ಯಾಂಕು ಒಮ್ಮೆಗೆ ಸುರಿಯುವುದು ಇದರ ಹಲವು ಪಟ್ಟು. ಆ ಬೇಸನ್ನು ಪೇಟೆಯ ಹೊಳೆಯುವ ಅಂಗಡಿಗಳಲ್ಲಿ ಸಿಗಲಿಲ್ಲ. ಕೊನೆಗೆ ಮುರಬಾಡದ ಹಳೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಗೋಣಿಚೀಲದಡಿ ಸಿಕ್ಕಿತು.

ಮೀಯುವ ನೀರು ಈ ಗುಂಡಿಗೆ ಸೇರಕೂಡದು. ಸೇರಿದರೆ ಗುಂಡಿ ಮುಳುಗುತ್ತದೆ. ಅದನ್ನು ಬೇರೆ ಕೊಳವೆಯಿಂದ ಹಿತ್ತಿಲಿನ ಬಾಳೆಯ ಬುಡಕ್ಕೆ ಬಿಟ್ಟೆವು. ಬಚ್ಚಲ ನೀರಿಗೆ ಬಾಳೆ, ಕೆಸುವು ಎನ್ನುವುದು ನಮ್ಮ ಹಿರಿಯರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ನೆರೆಮನೆಯ ಉಡುಪಿಯ ಮಾಮಿ ಕೆಸುವಿನ ಗೆಡ್ಡೆ ತಂದುಕೊಟ್ಟರು, ಪತ್ರೊಡೆಗೆ ಬೇಕಾದ ಜಾತಿಯೇ ಇದೆಂದು ಎರಡೆರಡು ಸಲ ಹೇಳಿದರು.

ಮಾಡಿಗೆ ಡೊಂಬಿವಲಿಯಲ್ಲಿ ಕೆಡವುತ್ತಿದ್ದ ಹಳೆಯ ಮನೆಯ ಹೆಂಚುಗಳನ್ನು ತಂದೆವು. ಕೊಂಕಣದವರು ಅದಕ್ಕೆ ಮಂಗಳೂರಿ ಕೌಲು ಎನ್ನುತ್ತಾರೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹಡಗು ಹತ್ತಿ ಈ ಕರಾವಳಿಯ ಉದ್ದಕ್ಕೂ ಬಂದ ಹೆಂಚು. ನಮಗಿಂತ ಮೊದಲೇ ವಲಸೆ ಬಂದವು. ಹಾಗಾಗಿ ತುಸು ಗೌರವದಿಂದಲೇ ತೊಳೆದು ಜೋಡಿಸಿದೆವು. ಹಳೆಯ ಗೋಡೆಗೆ ಹೊಸ ಗೋಡೆಯನ್ನು ಹೆಣೆಯಬಾರದೆಂಬುದು ಮಿಸ್ತ್ರಿಯ ಕಟ್ಟಪ್ಪಣೆ. ಹಳೆಯದು ಕುಳಿತುಬಿಟ್ಟ ಮನೆ, ಹೊಸದು ಇನ್ನೂ ಕೂರಬೇಕಾದದ್ದು; ಎರಡನ್ನೂ ಕಟ್ಟಿಹಾಕಿದರೆ ಬಿರುಕು ಖಂಡಿತ. ನಡುವೆ ಬೆರಳಗಲ ಬಿಟ್ಟು, ಮೇಲೆ ತಗಡು ಮಡಿಸಿ ಹೊದಿಸಿದೆವು. ನೀರು ಕಾಯಿಸಲು ಕಲ್ಯಾಣದ ಗುಜರಿಯಲ್ಲಿ ಕೊಂಡ ತಾಮ್ರದ ಬಂಬ. ನಡುವಿನ ಕೊಳವೆಯಲ್ಲಿ ನಾಲ್ಕು ಪುರಲೆ ಉರಿಸಿದರೆ ಮೂವರ ಸ್ನಾನಕ್ಕೆ ಸಾಕು. ನಮ್ಮೂರ ಹಂಡೆಯ ಒಲೆ ಇಲ್ಲಿ ಹಿಡಿಸುತ್ತಿರಲಿಲ್ಲ.

2018ರ ಸಂಕ್ರಾಂತಿಗೆ ಅವ್ವ ಬಂದಳು. ಮೊಣಕಾಲು ಮಡಿಸಲಾರದವಳಿಗಾಗಿ ಔಷಧಿ ಅಂಗಡಿಯಲ್ಲಿ ಸಿಗುವ, ನಡುವೆ ತೂತುಳ್ಳ ಕುರ್ಚಿಯನ್ನು ಬೇಸಿನ್ನಿನ ಮೇಲೆ ಇಟ್ಟಿದ್ದೆವು. ಬಚ್ಚಲನ್ನು ಗೋಡೆ ಹಿಡಿದು ಸುತ್ತಿ ನೋಡಿ, ಫಿನಾಯಿಲು ಎಲ್ಲಿ ಎಂದಳು. ಹಾಕಬಾರದು, ಗುಂಡಿಯೊಳಗಿನ ಸೂಕ್ಷ್ಮಜೀವಿಗಳು ಸಾಯುತ್ತವೆ ಎಂದೆವು. ಅವ್ವನಿಗೆ ಇದು ಒಪ್ಪಿಗೆಯಾಗಲಿಲ್ಲ, ಇಂದಿಗೂ ಆಗಿಲ್ಲ.

ಅಂದು ರಾತ್ರಿ ಅವಳೇ ಮಾತೆತ್ತಿದಳು. ಹುಬ್ಬಳ್ಳಿಯ ಅವಳ ತವರಿನಲ್ಲಿ ಹಿತ್ತಿಲ ಗೋಡೆಗೆ ಒಂದು ಗಿಡ್ಡ ಬಾಗಿಲು, ಅದರಾಚೆ ಒಂದು ಕಿರುಓಣಿ. ನಸುಕಿನಲ್ಲಿ ಒಬ್ಬ ಹೆಂಗಸು ಆ ಓಣಿಯಿಂದ ಬಂದು, ಬುಟ್ಟಿ ತುಂಬಿಕೊಂಡು ತಲೆಯ ಮೇಲೆ ಹೊತ್ತು ಹೋಗುತ್ತಿದ್ದಳಂತೆ. ಮುಂದೆ 1970ರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಗಳಾಗಿದ್ದ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಅಷ್ಟರಲ್ಲಿ ಅವ್ವ ಮದುವೆಯಾಗಿ ಊರು ಬಿಟ್ಟಿದ್ದಳು. "ಹಬ್ಬಕ್ಕ ಆಕಿಗೆ ಹೋಳಿಗಿ ಕೊಡತಿದ್ವಿ, ಮ್ಯಾಲಿಂದ ಹಾಕತಿದ್ವಿ. ಆಕಿ ಹೆಸರೇನಂತ ಒಂದ ದಿನಾನೂ ಕೇಳಲಿಲ್ಲ" ಎಂದಳು. ಯಾರೂ ಏನೂ ಹೇಳಲಿಲ್ಲ.

ಐದು ಮಂದಿ ದಿನವೂ ಬಳಸಿದರೆ ಇಂಥ ಗುಂಡಿ ಮೂರು ವರ್ಷಕ್ಕೆ ತುಂಬುತ್ತದೆ. ನಾವು ಮೂವರು, ವಾರಕ್ಕೆ ಎರಡು ದಿನ. ಲೆಕ್ಕ ಹಾಕಿದರೆ ಹದಿನೇಳು ವರ್ಷಕ್ಕೂ ತುಂಬಲಿಕ್ಕಿಲ್ಲ. ಅಷ್ಟು ಹೊತ್ತಿಗೆ ನಾವು ಗುದ್ದಲಿ ಎತ್ತುವ ಸ್ಥಿತಿಯಲ್ಲಿರುತ್ತೇವೆಯೇ? ಮಕ್ಕಳು ಪರದೇಶದಲ್ಲಿ. ಕೊನೆಗೆ ಯಾರನ್ನೋ ಕರೆದು ಕೂಲಿ ಕೊಟ್ಟು ತೆಗೆಸುವುದೇ ಆಗುತ್ತದೆ. ಅಗೆಯುವ ಹುಡುಗನಿಗೆ ಕೊಟ್ಟ ಮಾತನ್ನು ಕಾಲವೇ ನಮ್ಮ ಪರವಾಗಿ ಮುರಿಯುವಂತಾಗುವುದು ಸರಿಯೆನಿಸಲಿಲ್ಲ. ಆದುದರಿಂದ ತುಂಬಲಿ ಬಿಡಲಿ, ಮೂರು ವರ್ಷಕ್ಕೊಮ್ಮೆ ಇಟ್ಟಿಗೆ ಬದಲಿಸುವುದೆಂದು ನಿಶ್ಚಯಿಸಿದೆವು. 2021ರ ಜನವರಿಯಲ್ಲಿ ಹರಿವನ್ನು ಎರಡನೆಯ ಗುಂಡಿಗೆ ತಿರುಗಿಸಿದೆವು.

ಮೊದಲನೆಯದರ ಮುಚ್ಚಳವನ್ನು ತೆರೆದದ್ದು 2023ರ ಫೆಬ್ರವರಿಯಲ್ಲಿ. ಹಾರೆಯಿಂದ ಮೀಟಿ ಪಕ್ಕಕ್ಕೆ ಸರಿಸುವಾಗ ಇಬ್ಬರೂ ಉಸಿರು ಬಿಗಿಹಿಡಿದಿದ್ದೆವು. ವಾಸನೆ ಬಂತು, ಮೊದಲ ಮಳೆಗೆ ಒದ್ದೆಯಾದ ನೆಲದ್ದು. ಒಳಗೆ ಕಪ್ಪು ಪುಡಿಮಣ್ಣು, ಎರಡು ಮೂರು ಎರೆಹುಳು, ಕಿಂಡಿಗಳಿಂದ ಇಣುಕಿದ ಬೇರಿನ ಎಳೆಗಳು. ಕೈಗವಸು ಹಾಕಿಕೊಂಡು, ಒಬ್ಬರು ತುಂಬುತ್ತ ಒಬ್ಬರು ಎತ್ತುತ್ತ, ಒಟ್ಟು ಎಂಟು ಘಮೇಲೆ ಹೊರಗೆ ಹಾಕಿದೆವು. ಹೊತ್ತೇರುವ ಮೊದಲೇ ಮುಗಿಯಿತು. ಆ ತರುಣ ಈಗ ಬದಲಾಪುರದಲ್ಲಿ ಕೆಲಸದಲ್ಲಿದ್ದಾನೆ. ಹೇಳಿಕಳಿಸಿದ್ದರಿಂದ ನೋಡಲು ಬಂದಿದ್ದ. ಒಂದು ಹಿಡಿ ಎತ್ತಿ, ಮೂಸಿ, ಇದನ್ನು ತರಕಾರಿಗೆ ಹಾಕಬಹುದೇ ಎಂದು ಕೇಳಿದ. ಎರಡು ವರ್ಷ ಕಳೆದದ್ದರಿಂದ ಹಾಕಬಹುದು. ಆದರೂ ನಾವು ಮಾವಿಗೂ ಹಲಸಿಗೂ ಹಾಕುತ್ತೇವೆಂದೆವು. ಅವನು ಎರಡು ಘಮೇಲೆ ತನ್ನ ಅಂಗಳದ ನುಗ್ಗೆಗೆಂದು ಗೋಣಿಯಲ್ಲಿ ತುಂಬಿಕೊಂಡು ಹೋದ.

ಅವ್ವ ಪಡಸಾಲೆಯ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದಳು. ಕೈ ತೊಳೆದುಕೊಂಡು ಬಂದಾಗ ಬಂಬಕ್ಕೆ ಬೆಂಕಿ ಹಾಕಲು ಹೇಳಿದಳು. ಎಲ್ಲರೂ ಮಿಂದು ಊಟ ಮಾಡುವಷ್ಟರಲ್ಲಿ ಮಧ್ಯಾಹ್ನ ಎರಡಾಗಿತ್ತು. ಎರಡನೆಯ ಗುಂಡಿಯ ಇಟ್ಟಿಗೆ ಬದಲಿಸಬೇಕಾದ ತಿಂಗಳನ್ನು, 2024ರ ಜನವರಿಯೆಂದು, ಬಚ್ಚಲ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟೆವು.