ಎರಡು ಸಲ ಏರಿದ ಬಿಲ್ಲು

ಕ್ಯಾಲನೂರಿನಿಂದ ದಿನವೂ ಕೋಲಾರದ ಟೊಮೆಟೊ ಮಂಡಿಗೆ ಹೋಗಿ ಲೆಕ್ಕ ಬರೆದವನು ನಾನು. ಅದೇ ಮಂಡಿಯ ಬಿಲ್ಲುಗಳನ್ನು ಆನ್‌ಲೈನ್ ಲೆಕ್ಕಪುಸ್ತಕಕ್ಕೆ ತಾನಾಗಿ ಸೇರಿಸುವ ವೆಬ್ ಆಪ್ ಬರೆದವಳು ನನ್ನ ಮಗಳು. ಒಂದು ತಂತ್ರಾಂಶ ಇನ್ನೊಂದಕ್ಕೆ ಹೀಗೆ ವಿವರ ಒಪ್ಪಿಸುವ ಬಾಗಿಲಿಗೆ ಎಪಿಐ ಎನ್ನುತ್ತಾರಂತೆ.

ಒಂದು ಬೆಳಿಗ್ಗೆ ವ್ಯಾಪಾರಿಯೊಬ್ಬರು ಸಿಟ್ಟಾಗಿ ಬಂದರು. ಹದಿನೈದು ಕಿಲೋದ 40 ಬಾಕ್ಸ್ ಕೊಂಡವರ ಖಾತೆಯಲ್ಲಿ 80! ಬಿಲ್ಲು ಸೇರಿತ್ತು, ‘ಸೇರಿತು’ ಎಂಬ ಉತ್ತರ ಬರುವಷ್ಟರಲ್ಲಿ ನೆಟ್ ಹೋಗಿತ್ತು. ಉತ್ತರ ಕಾಣದ ಆಪ್ ಮತ್ತೊಮ್ಮೆ ಕಳಿಸಿತ್ತು. ಮಗಳ ಮುಖ ಸಣ್ಣದಾಯಿತು.

“ಅಪ್ಪಾ, ನೀನಾದ್ರೆ ಏನ್ ಮಾಡ್ತಿದ್ದೆ?”

“ಖಾತೆಗೆ ಏರಿಸಿದ ಚೀಟಿ ಮೂಲೇಲಿ ಪುಟದ ನಂಬರ್ ಬರೀತಿದ್ದೆ. ಅನುಮಾನ ಬಂದ್ರೆ ಮೊದಲು ಖಾತೆ ತೆಗೆದು ನೋಡ್ತಿದ್ದೆ.”

ಈಗ ಅವಳ ಆಪ್ ಎರಡನೇ ಸಲ ಕಳಿಸುವ ಮುನ್ನ, ಆ ಬಿಲ್ ನಂಬರ್ ಅಲ್ಲಿ ಆಗಲೇ ಇದೆಯೇ ಎಂದು ಕೇಳುತ್ತದೆ. ವ್ಯಾಪಾರಿಗೆ ತಿದ್ದಿದ ಲೆಕ್ಕವನ್ನು ಮಾತ್ರ ಅವಳೇ ಕೈಯಾರೆ ಕೊಟ್ಟು ಬಂದಳು.