ಅಳಿವೆ ದಾಟುವ ಮುನ್ನ

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಇಳಿಜಾರಿನಲ್ಲಿ ನಡೆದರೆ ಹಳೆ ಬಂದರು ಸಿಗುತ್ತದೆ. ಒಣಮೀನಿನ ವಾಸನೆ, ಹಗ್ಗ-ಬಲೆಗಳ ಅಂಗಡಿಗಳು, ಆಮೇಲೆ ದಕ್ಕೆ. ಎದುರಿಗೆ ಫಲ್ಗುಣಿ ನದಿ, ಅದರಾಚೆ ಬೆಂಗರೆ, ಬೆಂಗರೆಯ ಬೆನ್ನಿಗೆ ಅರಬಿ ಸಮುದ್ರ. ತುಸು ದಕ್ಷಿಣಕ್ಕೆ ನೇತ್ರಾವತಿಯೂ ಬಂದು ಸೇರಿ, ಎರಡೂ ನದಿಗಳು ಕಡಲಿಗೆ ಬೀಳುವ ಜಾಗವೇ ಅಳಿವೆ ಬಾಗಿಲು.

ಮನೆಯವರೊಂದಿಗೆ ನಾನು ಅಲ್ಲಿಗೆ ಹೋದದ್ದು ಜುಲೈ ಕೊನೆಯ ವಾರದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳೆಲ್ಲ ಒಂದಕ್ಕೊಂದು ಅಂಟಿ ನಿಂತಿದ್ದವು. ಮೀನಿಲ್ಲದ ದಕ್ಕೆ ಖಾಲಿಯಿರಬಹುದೆಂದುಕೊಂಡರೆ, ಅಲ್ಲಿ ಸುತ್ತಿಗೆ, ಸ್ಪ್ಯಾನರ್‌ಗಳದ್ದೇ ಸದ್ದು. ಎರಡು ತಿಂಗಳು ದುಡಿಮೆಯಿಲ್ಲದ ಮನೆಗಳು ಆಗಸ್ಟ್ 1ನ್ನು ಎದುರು ನೋಡುತ್ತಿದ್ದವು.

ನಮ್ಮ ಪರಿಚಯದವರ ಹಳೆಯ ಟ್ರಾಲ್ ಬೋಟಿನ ಇಂಜಿನ್ ಚಾಲೂ ಆಗುತ್ತಿರಲಿಲ್ಲ. ಯಾವ ಕಂಪೆನಿಯದೆಂದು ಹೇಳುವ ಫಲಕ ಯಾವಾಗಲೋ ಉದುರಿತ್ತು. ಎಲ್ಲರೂ ‘ಕಾಕ’ ಎಂದು ಕರೆಯುವ ವಯಸ್ಸಾದ ಮೇಸ್ತ್ರಿಯೊಬ್ಬರು ಬಂದರು. ಬಂದವರು ಏನನ್ನೂ ಬಿಚ್ಚಲಿಲ್ಲ. ‘ಒಮ್ಮೆ ಸ್ಟಾರ್ಟ್ ಮಾಡು ಮೋನೇ’ ಎಂದು ಹೊಗೆ ಕೊಳವೆಯತ್ತ ನೋಡುತ್ತ ನಿಂತರು. ಇಂಜಿನ್ ಚುರುಕಾಗಿಯೇ ತಿರುಗಿತು. ಹೊಗೆ ಮಾತ್ರ ಒಂದೆಳೆಯೂ ಬರಲಿಲ್ಲ.

ಡೀಸೆಲ್ ಇಂಜಿನ್‌ನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನ ಗಾಳಿಯನ್ನು ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಅದಕ್ಕೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ತಿರುಗಿಸುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ತಲುಪುತ್ತಿದೆ, ಉರಿಯುತ್ತಿಲ್ಲ ಎಂದರ್ಥ, ನೀರು ಸೇರಿರಲೂಬಹುದು. ಕಪ್ಪು ಹೊಗೆಗೆ ಗಾಳಿ ಸಾಲದಿರುವುದೋ ಹೊರೆ ಹೆಚ್ಚಾದದ್ದೋ ಕಾರಣ. ಫ್ಯಾನಿಗೆ (ಪ್ರೊಪೆಲ್ಲರಿಗೆ) ಬಲೆ ಸುತ್ತಿಕೊಂಡಾಗಲೂ ಹಾಗಾಗುತ್ತದೆ. ನೀಲಿಯಾದರೆ ಇಂಜಿನ್ ಆಯಿಲೇ ಉರಿಯುತ್ತಿದೆ. ಹೊಗೆಯೇ ಇಲ್ಲದಿದ್ದರೆ? ‘ಡೀಸೆಲ್ ಬರುತ್ತಿಲ್ಲ, ಅಷ್ಟೆ’ ಎಂದರು ಕಾಕ.

ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ ಕೈಪಂಪನ್ನು ಒತ್ತತೊಡಗಿದಾಗ ಸಾಬೂನಿನಂತೆ ನೊರೆ ಬಂತು. ಪೈಪಿನಲ್ಲಿ ಗಾಳಿ! ಡೀಸೆಲ್ ಒತ್ತಿದರೆ ಕುಗ್ಗುವುದಿಲ್ಲ ಎನ್ನಬಹುದು, ಗಾಳಿ ಕುಗ್ಗುತ್ತದೆ. ಪಂಪಿನ ಶಕ್ತಿಯೆಲ್ಲ ಆ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿಯುತ್ತದೆ. ನೊರೆ ಹೋಗಿ ತಿಳಿ ಡೀಸೆಲ್ ಬಂದ ಮೇಲೆ ಸ್ಕ್ರೂ ಬಿಗಿದರು. ಇಂಜಿನ್ ಗುಡುಗಿತು. ಡ್ರೈವರ್ ಆಗಲೇ ನಗುತ್ತಿದ್ದ. ಹತ್ತು ನಿಮಿಷ ಓಡಿ, ಕೆಮ್ಮಿ, ನಿಂತಿತು.

ಇನ್ನೊಮ್ಮೆ ಗಾಳಿ ತೆಗೆದರೆ ಮತ್ತೆ ಓಡೀತು, ಪಂಪ್ ಹಳತಾಗಿದೆ, ಸೀಸನ್ ಕಳೆದು ಬದಲಿಸೋಣ ಎಂದು ಮಾಲಕರು ಲೆಕ್ಕ ಹಾಕುತ್ತಿದ್ದರು. ಸಾಲ ಇದ್ದವರ ಲೆಕ್ಕ ಅದು. ಅವರನ್ನು ದೂರಲು ನನಗೆ ಮನಸ್ಸಾಗಲಿಲ್ಲ. ಕಾಕ ಮಾತ್ರ ಕೈಯೆತ್ತಿ ಅಳಿವೆಯತ್ತ ತೋರಿಸಿದರು. ‘ಅಲ್ಲಿ ನಿಂತರೆ?’ ಮಳೆಗಾಲದ ಕೊನೆಯಲ್ಲಿ ಅಲ್ಲಿ ಅಲೆಗಳು ಮುರಿದು ಬೀಳುತ್ತವೆ. ಇಂಜಿನ್ ನಿಂತ ಬೋಟು ಅಲೆಗೆ ಅಡ್ಡ ತಿರುಗಿದರೆ ಮಗುಚಬಹುದು, ಇಲ್ಲವೇ ತಡೆಗೋಡೆಯ ಕಲ್ಲಿಗೆ ಬಡಿಯಬಹುದು. ಬೋಟಿನಲ್ಲಿರುವವರಿಗೆ ಆಗ ಗಾಳಿ ತೆಗೆಯಲು ಸಮಯವೆಲ್ಲಿ?

ಅವರು ಮಾಡಿದ ಪರೀಕ್ಷೆ ನಮ್ಮ ಮನೆಯ ಕೆಲಸದಷ್ಟೇ ಸರಳ. ಶುದ್ಧ ಡೀಸೆಲ್ ತುಂಬಿದ ಕ್ಯಾನನ್ನು ಮೇಲೆ ಕಟ್ಟಿ, ಅದರಿಂದ ಕೊಳವೆಯೊಂದನ್ನು ನೇರ ಪಂಪಿಗೆ ಜೋಡಿಸಿದರು. ಅರ್ಧ ಗಂಟೆಯಾದರೂ ಇಂಜಿನ್ ನಿಲ್ಲಲಿಲ್ಲ. ಪಂಪ್ ನಿರಪರಾಧಿ! ದೋಷ ಟ್ಯಾಂಕಿಗೂ ಪಂಪಿಗೂ ನಡುವೆ. ಆದರೆ ಅಲ್ಲೆಲ್ಲೂ ಒಂದು ಹನಿ ಡೀಸೆಲ್ ಸೋರಿರಲಿಲ್ಲ. ಎಳೆಯುವ ಪೈಪಿನ ಮೋಸವೇ ಇದು: ತೂತಿದ್ದರೂ ಡೀಸೆಲ್ ಹೊರಗೆ ಸುರಿಯುವ ಬದಲು ಗಾಳಿ ಒಳಗೆ ನುಗ್ಗುತ್ತದೆ. ಒಂದೊಂದೇ ಜೋಡಣೆ ಬಿಚ್ಚಿದರು. ನೀರು ಬೇರ್ಪಡಿಸುವ ಬಟ್ಟಲಿನ ಬಳಿ, ಹಳತನ್ನೇ ಮತ್ತೆ ಹಾಕಿದ್ದ ತಾಮ್ರದ ವಾಷರೊಂದು ಗೀರುಬಿದ್ದು ಸವೆದಿತ್ತು.

ಹೊಸದು ಹಾಕಿದ ಮೇಲೂ ಕಾಕ ಹೊರಡಲಿಲ್ಲ. ಬೋಟನ್ನು ದಕ್ಕೆಗೆ ಬಿಗಿಯಾಗಿ ಕಟ್ಟಿಸಿ, ಗೇರ್ ಹಾಕಿಸಿ ಒಂದು ಗಂಟೆ ಓಡಿಸಿದರು. ಹೊರೆಯಿಲ್ಲದೆ ಓಡಿದ್ದು ಪರೀಕ್ಷೆಯಲ್ಲ ಎನ್ನುವುದು ಅವರ ವಾದ. ಅಷ್ಟರಲ್ಲಿ ಆಯಿಲ್ ಕಡ್ಡಿ ಎಳೆದು ನೋಡಿದರು. ಆಯಿಲ್ ಹಾಲುಬೆರೆಸಿದ ಚಹಾದಂತಾಗಿದ್ದರೆ ನೀರು ಒಳಹೊಕ್ಕಿದೆ, ಅಂತಹ ಇಂಜಿನನ್ನು ಓಡಿಸಲೇಬಾರದಂತೆ. ಕಡಲ ನೀರೆಳೆಯುವ ಪಂಪಿನ ರಬ್ಬರ್ ಚಕ್ರದ ಎಸಳು ಮುರಿದಿದ್ದರೆ ಹೊಸ ಚಕ್ರ ಹಾಕಿದರಷ್ಟೇ ಸಾಲದು, ಮುರಿದ ಚೂರುಗಳನ್ನೂ ಹುಡುಕಬೇಕು. ಮುಂದಿನ ಕೊಳವೆಯಲ್ಲಿ ಸಿಕ್ಕಿಕೊಂಡು ಇಂಜಿನ್ ಕಾಯುವಂತೆ ಮಾಡುತ್ತವೆ. ಇಂಜೆಕ್ಟರ್ ಸೋರುತ್ತಿದೆಯೇ ಎಂದು ಬೆರಳಿಟ್ಟು ನೋಡಹೊರಟ ಹುಡುಗನನ್ನು ಅವರು ಗದರಿದ್ದೂ ಸರಿಯೇ: ಆ ಒತ್ತಡದ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗುತ್ತದೆ, ಬೆರಳೇ ಹೋದೀತು.

ಸಂಜೆ ಮಾಲಕರು ಅಂಗಡಿಗೆ ಹೋಗಿ ವಾಷರ್‌ಗಳು, ಎರಡು ಫಿಲ್ಟರ್, ಒಂದು ರಬ್ಬರ್ ಚಕ್ರ, ಬೆಲ್ಟ್ ಕೊಂಡು ಬೋಟಿನ ಪೆಟ್ಟಿಗೆಗೆ ಹಾಕಿಸಿದರು. ಲೈಫ್ ಜಾಕೆಟ್‌ಗಳನ್ನು ಎಣಿಸಿದರು. ಕೋಸ್ಟ್ ಗಾರ್ಡ್‌ನ 1554 ಎಂಬ ಸಂಖ್ಯೆಯನ್ನು ಡ್ರೈವರ್ ಗೂಡಿನ ಒಳಗೋಡೆಯ ಮೇಲೆ ಬಣ್ಣದಲ್ಲೇ ಬರೆಯುತ್ತಿದ್ದ.