ಕರಿಮರಳಿನ ತೀರದಲ್ಲಿ ನಾಲ್ಕು ಗುಂಡುಗಳು

ಐಸ್‌ಲೆಂಡಿನ ರಾಜಧಾನಿ ರೇಕ್ಯಾವಿಕ್‌ನಿಂದ ಸುಮಾರು 200 ಕಿಲೊಮೀಟರು ಕಾರಿನಲ್ಲಿ ಸಾಗಿದರೆ ಸ್ನೈಫೆಲ್ಸ್‌ನೆಸ್ ಎಂಬ ಪರ್ಯಾಯದ್ವೀಪದ ತುದಿ ಸಿಕ್ಕುತ್ತದೆ. ಅಲ್ಲಿನ ಡ್ಯೂಪಲೋನ್ಸಾಂಡುರ್ ಎಂಬ ಕಡಲತೀರವನ್ನು ನೋಡಲು ನಾವು ಹೋಗಿದ್ದೆವು. ಹೆಸರು ಹೇಳುವಷ್ಟರಲ್ಲಿ ನಾಲಗೆ ನಾಲ್ಕು ಸಲ ತಡವರಿಸಿತು. ಕೊನೆಗೆ ಬಳ್ಳಾರಿ ಸೀಮೆಯ ಸಂಡೂರನ್ನು ನೆನೆದು ಬಾಯಿಪಾಠ ಮಾಡಿಕೊಂಡೆವು! ಅವರ ನುಡಿಯಲ್ಲಿ 'ಸಾಂಡುರ್' ಎಂದರೆ ಮರಳು.

ಕಾರು ನಿಲ್ಲಿಸಿದಲ್ಲಿಂದ ಕಡಲಿಗೆ ಇಳಿಯುವ ಕಾಲುದಾರಿಗೆ ದನದ ಹಾದಿ ಎಂಬರ್ಥದ ಹೆಸರಿದೆ. ನಡಿಗೆ ಸ್ವಲ್ಪವೇ. ಆದರೆ ಇಕ್ಕೆಲಗಳಲ್ಲೂ ಆಳೆತ್ತರವನ್ನು ಮೀರಿದ ಕರಿಗಲ್ಲುಗಳು, ಯಾರೋ ಸಿಟ್ಟಿನಿಂದ ಎಸೆದುಹೋದಂತೆ. ಕುದಿಯುವ ಲಾವಾರಸ ಹರಿಯುವಾಗ ಮೇಲ್ಪದರ ಹಾಲಿನ ಕೆನೆಯಂತೆ ಮೊದಲು ಹೆಪ್ಪುಗಟ್ಟುತ್ತದೆ. ಒಳಗಿನದು ಹರಿಯುತ್ತಲೇ ಇರುವುದರಿಂದ ಆ ಹೆಪ್ಪು ಒಡೆದು, ಮಗುಚಿ, ಹೀಗೆ ಅಡ್ಡಾದಿಡ್ಡಿಯಾಗಿ ನಿಂತುಬಿಡುತ್ತದೆ. ಮುಂಬಯಿ, ಪುಣೆಗಳ ವಾಚಕರಿಗೆ ಈ ಕಲ್ಲು ಹೊಸತಲ್ಲ. ಲೋಣಾವಳೆಯ ಘಾಟಿನಲ್ಲಿ ರೈಲಿನ ಕಿಟಕಿಯಿಂದ ಕಾಣುವುದೂ ಇದೇ ಜಾತಿಯ ಬಸಾಲ್ಟ್. ನಮ್ಮದು ಸುಮಾರು 6.6 ಕೋಟಿ ವರ್ಷದ ಮುದುಕ. ಇಲ್ಲಿಯ ಅಗ್ನಿಪರ್ವತ ಸ್ನೈಫೆಲ್ಸ್‌ಯೋಕುಲ್ ಕೊನೆಯ ಸಲ ಬೆಂಕಿಯುಗುಳಿದ್ದು ಸುಮಾರು 1,800 ವರ್ಷಗಳ ಹಿಂದೆ. ಈಗ ಹಿಮದ ಟೊಪ್ಪಿಗೆ ಧರಿಸಿ ಸಾಧುವಿನಂತೆ ಕುಳಿತಿದೆ.

ತೀರದಲ್ಲಿ ನಾಲ್ಕು ಗುಂಡುಗಳನ್ನು ಸಾಲಾಗಿ ಇಟ್ಟಿದ್ದಾರೆ. ಒಂದೊಂದಕ್ಕೂ ಹೆಸರು: 'ಪೂರ್ಣಬಲ' 154 ಕಿಲೊ, 'ಅರ್ಧಬಲ' 100, 'ಅರ್ಧಪಾಲಿನವ' 54, 'ಕೈಲಾಗದವ' 23. ಪಕ್ಕದ ಗುಡ್ಡದಾಚೆಯ ದ್ರಿತ್ವೀಕ್ ಕೊಲ್ಲಿಯಲ್ಲಿ 19ನೆಯ ಶತಮಾನದವರೆಗೂ ದೊಡ್ಡ ಮೀನುಗಾರಿಕೆ ನಡೆಯುತ್ತಿತ್ತು. ಸುಗ್ಗಿಯ ಕಾಲಕ್ಕೆ ನೂರಾರು ಜನ ಮನೆಮಠ ಬಿಟ್ಟು ಬಂದು ಸೇರುತ್ತಿದ್ದರು. ದೋಣಿಯಲ್ಲಿ ಜಾಗ ಬೇಕೆಂದವನು ಈ ಕಲ್ಲನ್ನು ಸೊಂಟದೆತ್ತರದ ಬಂಡೆಯ ಮೇಲೆ ಎತ್ತಿಡಬೇಕು. 'ಕೈಲಾಗದವ'ನನ್ನು ಮಾತ್ರ ಎತ್ತಬಲ್ಲವನಿಗೆ ದೋಣಿಯೂ ಇಲ್ಲ, ಕೂಲಿಯೂ ಇಲ್ಲ. ಅಂಥವನು ಮನೆಗೆ ಹೋಗಿ ಏನು ಹೇಳುತ್ತಿದ್ದನೋ! ಹೊಟ್ಟೆಪಾಡಿಗೆಂದು ಊರು ಬಿಟ್ಟ ನಮಗೆ ಆ ಯೋಚನೆಯೇ ಮೊದಲು ಬಂದಿತು.

ನಮ್ಮ ಅಳಿಯಂದಿರು 23 ಕಿಲೊದ ಗುಂಡನ್ನು ಲೀಲಾಜಾಲವಾಗಿ ಎತ್ತಿದರು. 54ರದನ್ನು ಮೊಣಕಾಲಿನವರೆಗೆ ತಂದರು. 100ರದನ್ನು ಸುಮ್ಮನೆ ತಟ್ಟಿ, "ಇದು ಇಲ್ಲೇ ಇರಲಿ ಬಿಡಿ ಮಾವ" ಎಂದರು.

ಸುತ್ತಲ ಉರುಟು ಕಲ್ಲುಗಳಿಗೆ ಇಲ್ಲಿ ಮುತ್ತುಗಳೆಂದೇ ಹೆಸರು. ನುಣುಪಾಗಿ, ಕಪ್ಪಗೆ, ಅಂಗೈಯಲ್ಲಿ ಹಿಡಿದರೆ ಬಿಡಲು ಮನಸ್ಸಾಗದು. ಒಯ್ಯಬಾರದೆಂಬುದು ನಿಯಮ, ಮಕ್ಕಳು ಒಂದೊಂದನ್ನಾಗಿ ಮತ್ತೆ ಕೆಳಗಿಟ್ಟರು.

ಅವುಗಳ ನಡುವೆ ಅಲ್ಲಲ್ಲಿ ತುಕ್ಕು ಹಿಡಿದ ಕೆಂಪು ಕಬ್ಬಿಣ ಬಿದ್ದಿದೆ. 1948ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಗ್ರಿಮ್ಸ್‌ಬಿಯಿಂದ ಬಂದಿದ್ದ 'ಎಪೈನ್' ಎಂಬ ಮೀನುಹಡಗು ಇಲ್ಲಿಯೇ ಒಡೆಯಿತು. 14 ಜನ ಸತ್ತರು, ಐವರನ್ನು ಉಳಿಸಿಕೊಂಡರು. ಅವರ ನೆನಪಿಗಾಗಿ ಕಬ್ಬಿಣವನ್ನು ಬಿದ್ದಲ್ಲಿಯೇ ಬಿಟ್ಟಿದ್ದಾರೆ, ಯಾರೂ ಮುಟ್ಟುವಂತಿಲ್ಲ. ಅಲೆ ಹಿಂದಕ್ಕೆ ಸರಿಯುವಾಗ ಕಲ್ಲುಗಳು ಗಲಗಲನೆ ಉರುಳುತ್ತಿದ್ದವು. ಮಕ್ಕಳ ಕೈ ಹಿಡಿದುಕೊಂಡು ನಾವು ನೀರಿನಿಂದ ದೂರದಲ್ಲಿಯೇ ನಿಂತೆವು.